ಉತಾರದಲ್ಲಿ ಕಾಣದ ಭೂಗೋಳ

ರಬಕವಿ–ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದು. ಮುಧೋಳ, ಜಮಖಂಡಿ ರಸ್ತೆಗಳಲ್ಲಿ ಹಂಗಾಮು ಬಂದರೆ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳ ಸಾಲು. ಬೀಳಗಿಯ ಅಂಚಿನಲ್ಲಿ ಆಲಮಟ್ಟಿಯ ಹಿನ್ನೀರು. ಬಾಗಲಕೋಟೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಬದುಕು ಒಂದೇ ಅಚ್ಚಿನದಲ್ಲ. ಯಾವ ಊರು ಯಾರ ಆಡಳಿತಕ್ಕೆ ಸೇರಿತು, ಯಾವ ಉದ್ಯಮ ಎಲ್ಲಿ ಬೇರೂರಿತು, ನೀರು ಎಲ್ಲಿಯವರೆಗೆ ಏರಿತು ಎಂಬುದನ್ನು ಒಟ್ಟಾಗಿ ಓದುವ ವಿದ್ಯೆಯೇ ರಾಜಕೀಯ ಮತ್ತು ಆರ್ಥಿಕ ಭೂಗೋಳ. ಅದಕ್ಕೆ ಈ ಸೀಮೆಗಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಆದರೆ ಅದನ್ನು ಓದಿ, ಕಲಿಸಿ ಬಾಳುವ ಹಾದಿ ಮಾತ್ರ ಇಲ್ಲಿನ ವಿದ್ಯಾರ್ಥಿಗೆ ಇಕ್ಕಟ್ಟಾಗಿದೆ.

ಸಂಸ್ಥಾನಗಳು ಬಿಟ್ಟುಹೋದ ಗೆರೆ

ಸ್ವಾತಂತ್ರ್ಯದ ಹೊತ್ತಿಗೆ ಜಮಖಂಡಿಯಲ್ಲಿ ಪಟವರ್ಧನರ, ಮುಧೋಳದಲ್ಲಿ ಘೋರ್ಪಡೆಯವರ ಆಳ್ವಿಕೆಯಿತ್ತು. ರಬಕವಿ ಸಾಂಗ್ಲಿ ಸಂಸ್ಥಾನದ್ದು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಬಂತು. ಜಮಖಂಡಿ ಸಂಸ್ಥಾನದ ದಿವಾನರಾಗಿದ್ದ ಸಾವಳಗಿಯ ವಕೀಲರೊಬ್ಬರು 1958ರಲ್ಲಿ ಅದೇ ರಾಜ್ಯದ ಮುಖ್ಯಮಂತ್ರಿಯಾದರು. 1997ರಲ್ಲಿ ವಿಜಾಪುರವನ್ನು ಒಡೆದು ಬಾಗಲಕೋಟೆ ಜಿಲ್ಲೆ ಮಾಡಲಾಯಿತು. ರಬಕವಿ–ಬನಹಟ್ಟಿ ತಾಲ್ಲೂಕಾದದ್ದು ತೀರ ಇತ್ತೀಚೆಗೆ. ಗೆರೆ ಬದಲಾದಾಗಲೆಲ್ಲ ಜನರು ಕಾಗದಪತ್ರ ಹಿಡಿದು ಹೋಗಬೇಕಾದ ಕಚೇರಿಯೂ ಬದಲಾಯಿತು.

ಕಬ್ಬಿನ ತೂಕ, ನೂಲಿನ ತೂಕ

ಕಚ್ಚಾವಸ್ತುವಿನ ತೂಕ ತಯಾರಿಕೆಯಲ್ಲಿ ಕರಗುವುದಾದರೆ ಕಾರ್ಖಾನೆ ಅದು ಸಿಗುವ ಕಡೆಗೇ ವಾಲುತ್ತದೆ ಎಂದು ಜರ್ಮನಿಯ ಆಲ್‌ಫ್ರೆಡ್ ವೆಬರ್ 1909ರಲ್ಲಿ ವಾದಿಸಿದರು. ಹತ್ತು ಟನ್ ಕಬ್ಬು ನುರಿಸಿದರೆ ಸಿಗುವುದು ಸುಮಾರು ಒಂದು ಟನ್ ಸಕ್ಕರೆ. ಕಡಿದ ಕಬ್ಬು ಕಾಟಾದ ಮುಂದೆ ಸರದಿಯಲ್ಲಿ ನಿಂತಷ್ಟೂ ಒಣಗುತ್ತದೆ, ತೂಕ ಇಳಿಯುತ್ತದೆ. ಹೀಗಾಗಿ ಕೃಷ್ಣಾ, ಘಟಪ್ರಭಾ ನೀರು ಹೊಲಕ್ಕೆ ಹತ್ತಿದ ಕಡೆ ಸಕ್ಕರೆ ಕಾರ್ಖಾನೆಗಳು ಬಂದವು. ಆ ನೀರಿನ ಹಿಂದೆಯೂ ಒಂದು ಕಥೆಯಿದೆ: ಜಮಖಂಡಿ ಭಾಗದ ರೈತರು 1989ರಲ್ಲಿ ತಮ್ಮದೇ ದುಡಿಮೆ, ದೇಣಿಗೆಯಿಂದ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿ, ‘ಶ್ರಮಬಿಂದು ಸಾಗರ’ ಎಂದು ಹೆಸರಿಟ್ಟರು.

ನೂಲಿನ ಲೆಕ್ಕ ಬೇರೆ. ಹಾಸು, ಹೊಕ್ಕು ಸೇರಿ ಸೀರೆಯಾದ ಮೇಲೂ ಅದರ ತೂಕ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಹತ್ತಿಯ ಹೊಲ ಪಕ್ಕದಲ್ಲಿರಬೇಕಾಗಿಲ್ಲ. ಕೈಚಳಕ ಇದ್ದಲ್ಲಿ ಮಗ್ಗ ನಿಲ್ಲುತ್ತದೆ. ಇದೇ ಗುಣ ನೇಕಾರನಿಗೆ ತೊಡಕೂ ಹೌದು: ಅದೇ ಸೀರೆಯನ್ನು ಇನ್ನೊಂದು ಊರು ಅಗ್ಗಕ್ಕೆ ನೇಯಬಲ್ಲದು. ರೈತನ ಕಷ್ಟ ಇದರ ತಿರುವುಮುರುವು. ಕಬ್ಬನ್ನು ದೂರ ಒಯ್ಯಲಾರ, ಕೂಡಿಡಲಾರ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿಗಾಗಿ, ಬೆಲೆಗಾಗಿ ರೈತರು ಬೀದಿಗಿಳಿಯುವುದು ಮಾತ್ರ ತಪ್ಪಿಲ್ಲ.

ನಾಲ್ಕೂವರೆ ಮೀಟರಿನ ರಾಜಕಾರಣ

ಕೃಷ್ಣೆಯ ಆಲಮಟ್ಟಿ ಅಣೆಕಟ್ಟೆಯಲ್ಲಿ ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ್ದು 524.256 ಮೀಟರ್. ನಡುವಿನ ಅಂತರ ಐದು ಮೀಟರಿಗೂ ಕಡಿಮೆ. ಅಷ್ಟರಲ್ಲೇ ಬೀಳಗಿ, ಜಮಖಂಡಿ ಸೇರಿದಂತೆ ಹಲವು ತಾಲ್ಲೂಕುಗಳ ಹೊಲ–ಮನೆಗಳು ಮುಳುಗಡೆಯಾಗುತ್ತವೆ. ರಾಜ್ಯಕ್ಕೆ ಈ ಎತ್ತರ ಬರಗಾಲದ ಸೀಮೆಗೆ ನೀರುಣಿಸುವ ಹಕ್ಕು. ಎತ್ತರ ಹೆಚ್ಚಿದರೆ ಪ್ರವಾಹ ಹೆಚ್ಚುತ್ತದೆಂಬುದು ಮೇಲ್ದಂಡೆಯ ಸಾಂಗ್ಲಿ, ಕೊಲ್ಹಾಪುರದವರ ಆತಂಕ. ಒಂದು ಕಾಲಕ್ಕೆ ರಬಕವಿಯನ್ನು ಆಳಿದ ಸಾಂಗ್ಲಿ ಇಂದು ಅದೇ ನದಿಯ ವ್ಯಾಜ್ಯದಲ್ಲಿ ಎದುರು ದಡದಲ್ಲಿದೆ.

ಓದಿದವರ ಹಾದಿ

ಇಷ್ಟೆಲ್ಲ ಕಣ್ಣೆದುರಿಗಿದ್ದರೂ ಹೈಸ್ಕೂಲಿನಲ್ಲಿ ಭೂಗೋಳವೆಂದರೆ ಸಮಾಜ ವಿಜ್ಞಾನದ ಒಂದು ಭಾಗ. ಮುಂದೆ ಸ್ಪರ್ಧಾತ್ಮಕ ಪರೀಕ್ಷೆಯ ಸರಕು. ಅಧ್ಯಾಪಕರಾಗುವ ಹಂಬಲವಿದ್ದವರು ಸ್ನಾತಕೋತ್ತರ ಪದವಿ, ನೆಟ್ ಅಥವಾ ಕೆ–ಸೆಟ್, ಪಿಎಚ್‌.ಡಿ ಎಂದು ಮೆಟ್ಟಿಲು ಏರಿ, ಕೊನೆಗೆ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾಯುವುದು ರಾಜ್ಯದಲ್ಲಿ ಹೊಸತಲ್ಲ. ಮುಂದಿನ ವರ್ಷದ ಕೆಲಸವೇ ಖಾತ್ರಿಯಿಲ್ಲದವರು ಒಂದು ಹಳ್ಳಿಯನ್ನು ಹತ್ತು ವರ್ಷ ಬೆನ್ನುಹತ್ತಿ ಅಧ್ಯಯನ ಮಾಡುವುದು ಹೇಗೆ?

ಉಪಗ್ರಹ ಚಿತ್ರ, ಜಿಐಎಸ್ ಬಂದ ಮೇಲೆ ಊರೂರು ಅಲೆಯುವ ಭೂಗೋಳಕ್ಕೆ ಕಾಲ ಮುಗಿಯಿತೆಂಬ ವಾದವಿದೆ. ತಂತ್ರಜ್ಞಾನ ಕಲಿತವರಿಗೆ ಬೇಗ ಕೆಲಸ ಸಿಗುವುದೂ ನಿಜ. ಮುಳುಗಡೆಯ ಗೆರೆಯನ್ನು ಕರಾರುವಾಕ್ಕಾಗಿ ಎಳೆಯಲು ಅವರೇ ಬೇಕು. ಆದರೆ ಚಿತ್ರದಲ್ಲಿ ಕಾಣುವುದು ಹೊಲ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಕಾಣುವುದು ಹೊಲದ ಒಡೆಯನ ಹೆಸರು. ಅದೇ ಹೊಲವನ್ನು ಲಾವಣಿಗೆ ಹಿಡಿದು ಉಳುವವರು, ಅಲ್ಲಿ ಕೂಲಿಗೆ ಹೋಗುವ ಹೆಂಗಸರು ಸಾಮಾನ್ಯವಾಗಿ ಎರಡರಲ್ಲೂ ಇರುವುದಿಲ್ಲ. ಮನೆಮನೆಗೆ ಹೋಗಿ ಕೇಳಿದರಷ್ಟೇ ಅವರು ಲೆಕ್ಕಕ್ಕೆ ಸಿಗುತ್ತಾರೆ.

ಉಪಗ್ರಹ ಚಿತ್ರ, ಊರಿನ ಅಲೆದಾಟ ಎರಡೂ ಬೇಕು ಎನ್ನುವುದೇ ಇಲ್ಲಿ ನ್ಯಾಯವಾದ ಮಾತು. ಮನೆಮನೆಗೆ ಹೋಗಿ ಕೇಳುವ ಅಧ್ಯಯನಕ್ಕೆ ನೆಲೆಯಿರುವ ಅಧ್ಯಾಪಕರು ಬೇಕು; ಆದ್ದರಿಂದ ಕಾಯಂ ಹುದ್ದೆ ತುಂಬುವುದನ್ನು ಬರೀ ನೌಕರಿಯ ಬೇಡಿಕೆಯೆಂದು ಬದಿಗಿಡಲಾಗದು. ನೀರು ಏರಿದ ಮೇಲೆ ಕೇಳಲು ಆ ಊರೂ ಇರುವುದಿಲ್ಲ, ಹೇಳುವವರೂ ಚದುರಿ ಹೋಗಿರುತ್ತಾರೆ.