ಮಾತು ಕೊಟ್ಟದ್ದು ಯಾರಿಗೆ? ಕೇರಿಯಿಂದ ಪ್ರಣಾಳಿಕೆಯ ಓದು

ಮಳವಳ್ಳಿ ತಾಲ್ಲೂಕಿನ ಒಂದು ಕೇರಿಯಲ್ಲಿ ನಮ್ಮವ್ವನ ವಯಸ್ಸಿನ ಹೆಂಗಸೊಬ್ಬರನ್ನು ಕೇಳಿದೆ: 'ಅವ್ವಾ, ಸಾಲ ಮನ್ನಾ ಮಾಡ್ತೀವಿ ಅಂತ ಹೇಳಿ ನಿಮ್ಗೆ ಮೋಸ ಮಾಡುದ್ರಾ?' ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಆಕೆ ತಲೆ ಎತ್ತದೆಯೇ ಹೇಳಿದರು: 'ನಮ್ಗೆಲ್ಲಿ ಹೇಳುದ್ರು ಮಗಾ? ಅವ್ರು ಹೇಳುದ್ದು ಪಾಣಿ ಇರೋರ್ಗೆ. ಮೋಸ ಮಾಡ್ಬೇಕು ಅಂದ್ರೂ ಮೊದ್ಲು ಮಾತು ಕೊಟ್ಟಿರ್ಬೇಕಲ್ವಾ?'

ಈ ಮಾತು ನನ್ನನ್ನು ಬಹಳ ಕಾಲ ಕಾಡಿದೆ. ಚುನಾವಣೆ ಮುಗಿದ ಮೇಲೆ ನಾವೆಲ್ಲ ಕೇಳುವುದು ಒಂದೇ ಪ್ರಶ್ನೆ: ಕೊಟ್ಟ ಮಾತು ಉಳೀತೋ, ಮುರೀತೋ? ಈ ಪ್ರಶ್ನೆಯೊಳಗೆ ಜಾತಿಯಿಲ್ಲದ, ಜಮೀನಿನ ಲೆಕ್ಕವಿಲ್ಲದ 'ಮತದಾರ'ನೊಬ್ಬ ಕೂತಿದ್ದಾನೆ. ಅಂಥವನು ನಮ್ಮ ಸೀಮೆಯಲ್ಲಿ ಎಲ್ಲೂ ಇಲ್ಲ. ಇರುವುದು ಊರು ಮತ್ತು ಕೇರಿ. ಕಥೆಯನ್ನೋ ಕಾದಂಬರಿಯನ್ನೋ ಓದುವಾಗ 'ಇದು ಯಾರ ಅನುಭವ, ಯಾರ ಕಿವಿಗೆ ಹೇಳಿದ ಮಾತು' ಎಂದು ದಲಿತ ವಿಮರ್ಶೆ ಕೇಳುತ್ತ ಬಂದಿದೆ. ಅದೇ ಪ್ರಶ್ನೆಯನ್ನು ಪಕ್ಷಗಳ ಪ್ರಣಾಳಿಕೆಗೂ ಕೇಳಬೇಕೆಂಬುದು ನನ್ನ ವಾದ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳನ್ನು ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಮೂರೂ ಮಂಡ್ಯ ಉಪವಿಭಾಗಕ್ಕೆ ಸೇರಿದವು. ಮುಂದೆ ಬರುವ ಎ.ಸಿ. ಕಚೇರಿ, ಅಂದರೆ ಉಪವಿಭಾಗಾಧಿಕಾರಿಗಳ ಕಚೇರಿ, ಮೂರಕ್ಕೂ ಒಂದೇ.

ಮೊದಲನೆಯ ಪ್ರಶ್ನೆ: ಯಾರ ಹೆಸರಿಗೆ?

2018ರ ವಿಧಾನಸಭಾ ಚುನಾವಣೆಯಲ್ಲಿ ಜೆಡಿಎಸ್, ಅಧಿಕಾರಕ್ಕೆ ಬಂದ 24 ಗಂಟೆಯೊಳಗೆ ರೈತರ ಸಾಲ ಪೂರ್ತಿ ಮನ್ನಾ ಎಂದು ಸಾರಿತು. ಮಂಡ್ಯ ಜಿಲ್ಲೆ 7ಕ್ಕೆ 7 ಸ್ಥಾನವನ್ನೂ ಕೊಟ್ಟಿತು. ರಾಜ್ಯದಲ್ಲಿ ಬಹುಮತ ಬರಲಿಲ್ಲ; ಕಾಂಗ್ರೆಸ್ ಜೊತೆ ಸಮ್ಮಿಶ್ರ ಸರ್ಕಾರವಾಯಿತು. ಜುಲೈ 5ರ ಬಜೆಟ್ಟಿನಲ್ಲಿ 34,000 ಕೋಟಿ ರೂಪಾಯಿಯ ಘೋಷಣೆ ಬಂತು. 24 ಗಂಟೆಯ ಮಾತು ವಾರಗಳಾಯಿತು. 'ಪೂರ್ತಿ' ಎಂದದ್ದು ಗರಿಷ್ಠ 2 ಲಕ್ಷವಾಯಿತು. ಊರು ಸಿಟ್ಟಾಯಿತು. ಆ ಸಿಟ್ಟು ಸುಳ್ಳೆಂದು ನಾನು ಹೇಳುವುದಿಲ್ಲ. ಕಬ್ಬು ಬೆಳೆದು ಕಾರ್ಖಾನೆಯ ಬಾಕಿಗೆ ಕಾದು ಕೂತವನ ಕಷ್ಟ ನಮಗೂ ಗೊತ್ತು. ಆ ಕಬ್ಬು ಕಡಿಯುವವರು ನಾವೇ ಅಲ್ಲವೆ?

ಆದರೆ ಬೆಳೆಸಾಲ ಎಂಬುದು ಪಹಣಿಯ ಮೇಲೆ ಹುಟ್ಟುವ ಸಾಲ. ಮನ್ನಾ ಆಗಬೇಕಾದರೆ ಆಧಾರ್, ರೇಷನ್ ಕಾರ್ಡಿನ ಜೊತೆ ಜಮೀನಿನ ಸರ್ವೆ ನಂಬರನ್ನೂ ಕೊಡಬೇಕಿತ್ತು. ಸರ್ವೆ ನಂಬರೇ ಇಲ್ಲದ ಕೂಲಿಯವಳ ಸಾಲ ಇರುವುದು ಬಡ್ಡಿಯವನ ಹತ್ತಿರ, ಗಿರವಿ ಅಂಗಡಿಯಲ್ಲಿ. ಆ ಪಕ್ಷದ ಗುರುತು ತೆನೆ ಹೊತ್ತ ಮಹಿಳೆ. ನಮ್ಮ ಗದ್ದೆಬಯಲಲ್ಲಿ ತೆನೆ ಹೊರುವವಳು ಎಷ್ಟೋ ಸಲ ಕೂಲಿಯವಳು. ಚಿತ್ರದಲ್ಲಿ ಅವಳು, ಮನ್ನಾದ ಪಟ್ಟಿಯಲ್ಲಿ ಗದ್ದೆಯ ಒಡೆಯ.

ಭೂರಹಿತರಿಗೂ ಒಂದು ಕಾನೂನು ಬಂತು ಎಂಬುದನ್ನು ಇಲ್ಲಿ ಮರೆಯಬಾರದು. ಅದು ಋಣ ಪರಿಹಾರ ಕಾಯ್ದೆ. ಭೂಮಿಯಿಲ್ಲದ ಕೃಷಿ ಕೂಲಿಗಾರರು, ಸಣ್ಣ ರೈತರು, ದುರ್ಬಲ ವರ್ಗದವರು ಖಾಸಗಿಯವರಲ್ಲಿ ಮಾಡಿದ ಸಾಲದಿಂದ ಒಂದು ಬಾರಿಗೆ ಬಿಡುಗಡೆ ಕೊಡುವ ಕಾನೂನು. 2019ರ ಜುಲೈ 23ರಂದು ಸರ್ಕಾರ ವಿಶ್ವಾಸಮತ ಕಳೆದುಕೊಂಡಿತು. ಮಾರನೆಯ ದಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರು ಈ ಕಾಯ್ದೆ ಜಾರಿಯಾದ ಸುದ್ದಿ ಹೇಳಿದರು. 90 ದಿನದೊಳಗೆ ಎ.ಸಿ. ಕಚೇರಿಗೆ ಅರ್ಜಿ ಹಾಕಬೇಕಿತ್ತು. ಕೈಸಾಲಕ್ಕೆ ದಾಖಲೆ ಎಲ್ಲಿಂದ ತರುವುದು? ಸಾಲ ಕೊಟ್ಟವನೇ ನಾಳೆ ಕೂಲಿಗೆ ಕರೆಯುವವನಾದರೆ ಅವನ ಹೆಸರನ್ನು ಬರೆದು ಕೊಡುವ ಧೈರ್ಯ ಎಲ್ಲಿಂದ ಬರಬೇಕು? ಪಹಣಿಯವನ ಮನ್ನಾವನ್ನು ಸರ್ಕಾರ ಬ್ಯಾಂಕಿನ ಜೊತೆ ಕೂತು ಬಗೆಹರಿಸಿತು. ಕೂಲಿಯವಳ ಮನ್ನಾಕ್ಕೆ ಅವಳೊಬ್ಬಳೇ ಸಾಹುಕಾರನ ಎದುರು ನಿಲ್ಲಬೇಕಿತ್ತು.

ಎರಡನೆಯ ಪ್ರಶ್ನೆ: ಯಾರ ದುಡ್ಡಲ್ಲಿ?

2023ರಲ್ಲಿ ಕಾಂಗ್ರೆಸ್ ಐದು ಗ್ಯಾರಂಟಿಗಳೊಡನೆ ಬಂತು. ಮಂಡ್ಯ, ಮದ್ದೂರು, ಮಳವಳ್ಳಿ ಸೇರಿ ಜಿಲ್ಲೆಯ 7ರಲ್ಲಿ 5 ಸ್ಥಾನ ಅದಕ್ಕೆ ಹೋದವು. ಗೃಹಲಕ್ಷ್ಮಿಯ 2,000 ರೂಪಾಯಿಗೆ ಪಹಣಿ ಬೇಡ. ರೇಷನ್ ಕಾರ್ಡಿನಲ್ಲಿ ಮನೆಯೊಡತಿಯ ಹೆಸರಿದ್ದರೆ ಸಾಕು. ಕೇರಿಯ ಹೆಂಗಸರು 'ಇದು ನಂಗೇ ಹೇಳುದ್ದು' ಎಂದು ನಂಬಿದ್ದರಲ್ಲಿ ಅರ್ಥವಿತ್ತು. ಕಂತು ತಡವಾದಾಗ ಬೈದರು. ಬೈಯುವ ಹಕ್ಕು ಹುಟ್ಟಿತು ಎಂಬುದೇ ದೊಡ್ಡದು.

ಹಾಗಾದರೆ ಮಾತು ಉಳಿಯಿತೆ? ಲೆಕ್ಕದ ಪುಸ್ತಕವನ್ನು ತಿರುವಿ ನೋಡೋಣ. ಪರಿಶಿಷ್ಟರ ಜನಸಂಖ್ಯೆಗೆ ತಕ್ಕಷ್ಟು ಹಣವನ್ನು ಅವರ ಏಳಿಗೆಗೇ ಮೀಸಲಿಡಬೇಕೆಂದು ರಾಜ್ಯ 2013ರಲ್ಲಿ ಕಾಯ್ದೆ ಮಾಡಿದೆ. ಆ ಹಣವನ್ನು ಬೇರೆ ಕೆಲಸಕ್ಕೆ ಜಾರಿಸಲು ದಾರಿಯಾಗಿದ್ದ 7(ಡಿ) ಕಲಮನ್ನು 2023ರಲ್ಲಿ ತೆಗೆದೂ ಹಾಕಲಾಯಿತು. ಆದರೆ ಅದೇ 2023-24ರಲ್ಲಿ ಈ ಬಾಬಿನ 34,000 ಕೋಟಿಗೂ ಮೇಲ್ಪಟ್ಟ ಹಣದಲ್ಲಿ 11,000 ಕೋಟಿಗೂ ಹೆಚ್ಚು ಗ್ಯಾರಂಟಿಗಳಿಗೆ ಹಂಚಿಕೆಯಾಯಿತು. ಸರ್ಕಾರದ ಸಮಜಾಯಿಷಿ ಇದು: ಆ ಹಣ ಪರಿಶಿಷ್ಟ ಫಲಾನುಭವಿಗಳಿಗೇ ಹೋಗುತ್ತದೆ. ಸರಿ. ಆದರೆ ಊರಿನ ಹೆಂಗಸಿನ 2,000 ಎಲ್ಲರ ಬೊಕ್ಕಸದಿಂದ, ಕೇರಿಯ ಹೆಂಗಸಿನ 2,000 ಕೇರಿಗೆಂದೇ ಎತ್ತಿಟ್ಟ ಗಂಟಿನಿಂದ! ಭೂಮಿ, ಕೊಳವೆಬಾವಿ, ಹಾಸ್ಟೆಲ್ಲು ಆಗಬೇಕಿದ್ದ ಗಂಟು ಅದು. ಒಂದು ಮಾತು ಉಳಿಸಲು ಇನ್ನೊಂದು ಮಾತನ್ನು ಮುರಿದ ಈ ಲೆಕ್ಕ 'ಗ್ಯಾರಂಟಿ ಜಾರಿ' ಎಂಬ ತಲೆಬರಹದಲ್ಲಿ ಕಾಣುವುದಿಲ್ಲ.

ಮೂರನೆಯ ಪ್ರಶ್ನೆ: ಯಾವ ಮಾತನ್ನು ಆಡಲೇ ಇಲ್ಲ?

ಕೇರಿಗೆ ಎಲ್ಲಕ್ಕಿಂತ ಭಾರದ ವಿಷಯ ಭೂಮಿ. 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ, ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಷರತ್ತು ಮೀರಿ, ಅಥವಾ ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡಿದ್ದರೆ ಅದು ಅಸಿಂಧು. ಎ.ಸಿ.ಯವರು ಅದನ್ನು ಮೂಲ ಮಂಜೂರಾತಿದಾರರಿಗೆ ಬಿಡಿಸಿಕೊಡಬೇಕು. 2017ರಲ್ಲಿ ಸುಪ್ರೀಂ ಕೋರ್ಟು, ಅರ್ಜಿಯನ್ನು ಸಮಂಜಸ ಕಾಲದೊಳಗೆ ಹಾಕಬೇಕೆಂದಿತು. 'ತಡವಾಗಿದೆ' ಎಂಬ ಒಂದೇ ಕಾರಣಕ್ಕೆ ಅರ್ಜಿಗಳು ಬಿದ್ದವು. 2023ರ ತಿದ್ದುಪಡಿ ಆ ಕಾಲಮಿತಿಯನ್ನು ತೆಗೆಯಿತು. ಹೋರಾಟಕ್ಕೆ ಸಿಕ್ಕ ಗೆಲುವೇ ಇದು.

ಆದರೂ ಊರ ನಡುವಿನ ಪ್ರಚಾರಸಭೆಯಲ್ಲಿ 'ಮಂಜೂರಾತಿ ಭೂಮಿ ಬಿಡಿಸಿಕೊಡುತ್ತೇನೆ' ಎಂದು ಗಟ್ಟಿಯಾಗಿ ಹೇಳುವುದು ಅಭ್ಯರ್ಥಿಗೆ ಕಷ್ಟ. ಮೂರರಲ್ಲಿ ಮಳವಳ್ಳಿ ಮೀಸಲು ಕ್ಷೇತ್ರ. ಅಲ್ಲಿ ನಿಲ್ಲುವವರು ನಮ್ಮವರೇ. ಆದರೆ 1932ರ ಪೂನಾ ಒಪ್ಪಂದ ಕೊಟ್ಟದ್ದು ಮೀಸಲು ಸ್ಥಾನ. ಮತ ಮಾತ್ರ ಎಲ್ಲರದು. ಅಭ್ಯರ್ಥಿಗಳೆಲ್ಲ ದಲಿತರಾದಾಗ ಕೇರಿಯ ಮತ ಹಂಚಿಹೋಗುತ್ತದೆ, ತೀರ್ಮಾನಿಸುವುದು ಊರಿನ ಮತ. ಭೂಮಿ ಕೊಂಡವನೂ ಅದೇ ಊರಿನವನು. ಅಂಬೇಡ್ಕರರು 1945ರಲ್ಲಿ ಕಾಂಗ್ರೆಸ್ ಮತ್ತು ಗಾಂಧಿಯನ್ನು ಕುರಿತು ಬರೆದ ಪುಸ್ತಕದಲ್ಲಿ ಈ ಕಟ್ಟುಪಾಡನ್ನೇ ಬಿಡಿಸಿಟ್ಟರು. ನಮ್ಮವರ ಬಾಯಿ ಕಟ್ಟಿರುವುದನ್ನು ಬರೀ ವ್ಯಕ್ತಿಯ ದೋಷವೆಂದರೆ ವಿಮರ್ಶೆ ಅರ್ಧಕ್ಕೇ ನಿಂತಂತೆ. ಆಡದ ಮಾತನ್ನು ಮುರಿದರೆಂದು ಯಾರೂ ದೂರಲಾರರು. ಯಜಮಾನಿಕೆಯ ಹುನ್ನಾರ ಇರುವುದೇ ಅಲ್ಲಿ.

'ದುಡ್ಡು ಇಸ್ಕೊಂಡು ಓಟ್ ಹಾಕ್ತಾರೆ' ಎಂದು ಕೇರಿಯನ್ನು ಹಳಿಯುವ ಗೆಳೆಯರಿಗೆ ನನ್ನದೊಂದು ಮಾತು. ದುಡ್ಡು ಊರಲ್ಲೂ ಹಂಚಿಕೆಯಾಗುತ್ತದೆ. ಕೇರಿಯ ಅಪನಂಬಿಕೆ ಅಜ್ಞಾನವಲ್ಲ. ತನ್ನನ್ನು ಕುರಿತು ಆಡದ ಮಾತನ್ನು ತನ್ನದೆಂದು ನಂಬದಿರುವ ಓದು ಅದು.

ಆ ಅವ್ವನನ್ನು ಕೊನೆಗೆ ಕೇಳಿದೆ: 'ಮತ್ಯಾಕವ್ವಾ ಓಟ್ ಹಾಕ್ತೀರಿ?' 'ಹಾಕ್ದಿದ್ರೆ ಸತ್ತೋದ್ಲು ಅಂತ ಪಟ್ಟೀಲಿ ಹೊಡ್ದಾಕ್‌ಬುಡ್ತಾರೆ ಕಣ್ ಮಗಾ' ಎಂದರು. ಬದುಕಿದ್ದೇನೆ ಎಂದು ಹೇಳುವುದಕ್ಕೆ ಹಾಕುವ ಓಟು. ಮುಂದಿನ ಚುನಾವಣೆಗೆ ಯಾವ ಪಕ್ಷದವರೇ ಬರಲಿ, ಈ ಮೂರು ತಾಲ್ಲೂಕಿನ ಕೇರಿಗಳಲ್ಲಿ ಕರಪತ್ರ ಇಸ್ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳೋಣ: ಯಾರ ಹೆಸರಿಗೆ, ಯಾರ ದುಡ್ಡಲ್ಲಿ, ನಮ್ಮ ಭೂಮಿಯ ಮಾತು ಎಲ್ಲಿ? ಉತ್ತರವನ್ನು ಬರೆದಿಟ್ಟುಕೊಳ್ಳೋಣ, ತಾರೀಖಿನ ಸಮೇತ.