ಸಣ್ಣ ಕತೆಯೂ ನಮ್ಮ ತರಗತಿಯೂ

ಈ ವರ್ಷದ ಸಂಚಿಕೆಗೆ ಏನಾದರೊಂದು ಬರೆದುಕೊಡಲೇಬೇಕೆಂದು ಸಂಪಾದಕ ಮಿತ್ರರು ಮೂರು ಸಲ ಬಂದು ಕೇಳಿದರು. ಕವಿತೆ ನನಗೆ ಬಾರದು. ಪ್ರವಾಸ ಕಥನ ಬರೆಯೋಣವೆಂದರೆ ನಾನು ನೋಡಿರುವ ಅತಿ ದೂರದ ಊರು ನಮ್ಮ ಜಿಲ್ಲಾ ಕೇಂದ್ರ. ಆದಕಾರಣ ಒಂದು ವರ್ಷವಿಡೀ ತಪ್ಪಾಗಿ ಮಾಡಿ, ಆಮೇಲೆ ಸ್ವಲ್ಪಮಟ್ಟಿಗೆ ಸರಿಯಾಗಿ ಮಾಡಲು ಕಲಿತ ಒಂದು ಕೆಲಸದ ವಿಷಯವನ್ನೇ ಬರೆಯುತ್ತಿದ್ದೇನೆ. ಸಣ್ಣ ಕತೆಯೊಂದನ್ನು ಓದಿ ಅದರ ಮೇಲೆ ಮೂರು ನಾಲ್ಕು ಪುಟ ಬರೆಯುವುದೇ ಆ ಕೆಲಸ. ಇದರಲ್ಲಿ ಕಲಿಯುವುದೇನಿದೆ ಎಂದು ವಿಜ್ಞಾನದ ಮಿತ್ರರು ನಗಬಹುದು. ಮೊದಲು ನಾನೂ ಹಾಗೆಯೇ ತಿಳಿದಿದ್ದೆ.

ಕಳೆದ ವರ್ಷ ಆನಂದರ ‘ನಾನು ಕೊಂದ ಹುಡುಗಿ’ ನಮ್ಮ ತರಗತಿಯಲ್ಲಿ ಪಾಠವಾಯಿತು. ಆನಂದ ಎಂಬುದು ಅಜ್ಜಂಪುರ ಸೀತಾರಾಮ್ (1902–1963) ಅವರ ಕಾವ್ಯನಾಮ. ಕತೆಯನ್ನು ಓದದವರಿಗಾಗಿ ಎರಡು ಮಾತು ಹೇಳುತ್ತೇನೆ. ವಿದ್ಯಾವಂತನಾದ ಪಟ್ಟಣಿಗನೊಬ್ಬ ಹಳ್ಳಿಯ ಒಂದು ಮನೆಯಲ್ಲಿ ಅತಿಥಿಯಾಗಿ ಇಳಿದುಕೊಳ್ಳುತ್ತಾನೆ. ಆ ಮನೆಯ ಮಗಳು ಚೆನ್ನಮ್ಮನನ್ನು ಬಸವಿಯಾಗಿ ಬಿಟ್ಟಿದ್ದಾರೆ. ಅತಿಥಿಗೆ ತನ್ನನ್ನು ಒಪ್ಪಿಸಿಕೊಳ್ಳುವುದು ಧರ್ಮವೆಂದೇ ಅವಳು ನಂಬಿದ್ದಾಳೆ. ಅವನು ಅವಳನ್ನು ಮುಟ್ಟುವುದಿಲ್ಲ. ಇದು ಧರ್ಮವಲ್ಲವೆಂದು ತಿಳಿಯಹೇಳುತ್ತಾನೆ. ಅವಳಿಗೆ ತಿಳಿಯುತ್ತದೆ. ತಿಳಿದವಳು ಬಾವಿಯಲ್ಲಿ ಹೆಣವಾಗುತ್ತಾಳೆ.

ಈ ಕತೆಯ ಮೇಲೆ ಉತ್ತರ ಬರೆದು ತರಬೇಕೆಂದು ನಮ್ಮ ಅಧ್ಯಾಪಕರು ಹೇಳಿದರು. ನಾನು ಎಲ್ಲರಂತೆ ಗೈಡನ್ನು ತೆರೆದೆ. ‘ಲೇಖಕರು ಈ ಕತೆಯಲ್ಲಿ ಬಸವಿ ಬಿಡುವ ಅನಿಷ್ಟ ಪದ್ಧತಿಯನ್ನು ಮನಮುಟ್ಟುವಂತೆ ಖಂಡಿಸಿದ್ದಾರೆ’ ಎಂಬ ವಾಕ್ಯದಿಂದ ಆರಂಭಿಸಿ ಎರಡು ಪುಟ ಕತೆಯ ಸಾರಾಂಶವನ್ನು ತುಂಬಿಸಿದೆ. ನಾನು ಉಳಿದವರಿಗಿಂತ ಬುದ್ಧಿವಂತನೆಂದು ತೋರಿಸಿಕೊಳ್ಳಬೇಡವೇ? ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ ಕರ್ನಾಟಕದ 1982ರ ಕಾಯಿದೆಯನ್ನೂ ಹುಡುಕಿ ತೆಗೆದು ಕೊನೆಯಲ್ಲಿ ಸೇರಿಸಿದೆ.

ಮರುವಾರ ಅಧ್ಯಾಪಕರು ಉತ್ತರಗಳ ಕಟ್ಟನ್ನು ಮೇಜಿನ ಮೇಲಿಟ್ಟು, “ನೀವು 41 ಜನ ಇದ್ದೀರಿ. ಅದರಲ್ಲಿ 26 ಜನರ ಮೊದಲನೆಯ ವಾಕ್ಯ ಒಂದೇ ಇದೆ. ಇಷ್ಟು ಒಗ್ಗಟ್ಟನ್ನು ನಾನು ಬೇರೆಲ್ಲೂ ಕಂಡಿಲ್ಲ” ಎಂದರು. ನಕ್ಕೆವು. ನನ್ನ ಹಾಳೆಯ ಅಂಚಿನಲ್ಲಿ ಕಾಯಿದೆಯ ಪಕ್ಕಕ್ಕೆ ಕೆಂಪು ಶಾಯಿಯಲ್ಲಿ, ‘ಇದು ನಿಜ, ಆದರೆ ಇದು ಕತೆಯಲ್ಲಿಲ್ಲ’ ಎಂದು ಬರೆದಿದ್ದರು. ನಾನು ನಗುವುದನ್ನು ನಿಲ್ಲಿಸಿದೆ.

ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ಪದ್ಧತಿ ಕೊಂದಿತು ಅಂತ ನೀವೆಲ್ಲ ಬರೆದಿದ್ದೀರಿ. ಕತೆಯ ಹೆಸರು ಏನು ಹೇಳುತ್ತದೆ?”

ಹೆಸರು ‘ನಾನು ಕೊಂದ’ ಎನ್ನುತ್ತದೆ. ಅಷ್ಟು ದೊಡ್ಡ ಅಕ್ಷರದಲ್ಲಿ ಮೇಲುಗಡೆಯೇ ಇದ್ದ ಮಾತನ್ನು 41 ಜನರಲ್ಲಿ ಒಬ್ಬರೂ ಓದಿರಲಿಲ್ಲ! ಒಬ್ಬ ಎದ್ದು, “ಅವನು ಒಳ್ಳೆಯದನ್ನೇ ಹೇಳಿದ ಸರ್, ಅವನದೇನು ತಪ್ಪು?” ಎಂದ. ಆಗ, ವರ್ಷವೆಲ್ಲ ಬಾಯಿ ತೆರೆಯದೆ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಿದ್ದ ಹುಡುಗಿಯೊಬ್ಬಳು ಕುಳಿತಲ್ಲಿಂದಲೇ, “ಹೇಳಿದ್ದು ಸರೀನೇ ಸರ್. ಆದ್ರೆ ಅವರಿಗೆ ವಾಪಸ್ ಹೋಗೋಕೆ ಊರಿತ್ತು. ಅವಳಿಗೆ ಇದ್ದದ್ದೇ ಆ ಮನೆ. ಅವಳು ನಂಬಿಕೊಂಡಿದ್ದನ್ನ ಕಿತ್ಕೊಂಡು, ಬೆಳಗಾದ ಮೇಲೆ ಹೇಗೆ ಬದುಕಬೇಕು ಅಂತ ಹೇಳಲಿಲ್ಲವಲ್ಲ” ಎಂದಳು. ಅಧ್ಯಾಪಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಅದನ್ನೇ ಬರೆದುಕೊಂಡು ಬಾಮ್ಮ” ಎಂದರು.

ಅಂದಿನಿಂದ ನನಗೆ ಸಣ್ಣ ಕತೆಯ ಓದು ಬೇರೆಯಾಯಿತು. ಆ ಹುಡುಗಿ ಗೈಡನ್ನಾಗಲಿ, ಮೊಬೈಲಿನಲ್ಲಿ ಕೈಯಿಂದ ಕೈಗೆ ದಾಟುವ ಟಿಪ್ಪಣಿಯನ್ನಾಗಲಿ ನೋಡಿರಲಿಲ್ಲ. ಕತೆಯಲ್ಲಿ ಯಾರು ಎಲ್ಲಿ ನಿಂತು ಮಾತನಾಡುತ್ತಿದ್ದಾರೆಂಬುದನ್ನು ಮಾತ್ರ ನೋಡಿದ್ದಳು. ‘ಲೇಖಕರು ಖಂಡಿಸಿದ್ದಾರೆ’ ಎಂದು ಬರೆದಾಗ ನಾನು ಮಾಡಿದ್ದ ತಪ್ಪು ಇದೇ: ಕತೆ ಬರೆದವರನ್ನೂ ಕತೆ ಹೇಳುವವನನ್ನೂ ಒಬ್ಬನೇ ಮನುಷ್ಯನೆಂದು ಭಾವಿಸಿಬಿಟ್ಟಿದ್ದೆ. ಬರೆದವರು ಆನಂದ. ಹೇಳುವವನು ಆ ಅತಿಥಿ. ಅವನು ಎಲ್ಲ ಮುಗಿದ ಮೇಲೆ, ಕೊನೆಯನ್ನು ತಿಳಿದುಕೊಂಡೇ ಮೊದಲಿನಿಂದ ಹೇಳುತ್ತಿದ್ದಾನೆ. ಹಾಗಾದರೆ ಪಾತಕವನ್ನು ಅವನು ತಲೆಯ ಮೇಲೆ ಹೊತ್ತುಕೊಳ್ಳುವುದನ್ನು ನಾವು ಒಪ್ಪಬೇಕೇ? ನಮ್ಮಲ್ಲಿ ಎರಡು ಪಕ್ಷಗಳಾದವು. ಅವನು ಪ್ರಾಮಾಣಿಕನೆಂದು ಕೆಲವರು. ಚೆನ್ನಮ್ಮನ ಸಾವನ್ನೂ ತನ್ನ ಕತೆಯನ್ನಾಗಿ ಮಾಡಿಕೊಂಡನೆಂದು ಕೆಲವರು. ಎರಡು ವಾರ ವಾದ ನಡೆಯಿತು. ನಾನು ಎರಡನೆಯ ಪಕ್ಷದಲ್ಲಿದ್ದೆ. ಈಗ ಅಷ್ಟು ಖಚಿತವಾಗಿಲ್ಲ.

ಹೇಳುವವನು ಬೇರೆ, ಬರೆದವನು ಬೇರೆ ಎಂಬುದು ಇನ್ನೂ ಅನುಮಾನವಾಗಿರುವವರು ಮಾಸ್ತಿಯವರ ‘ಮೊಸರಿನ ಮಂಗಮ್ಮ’ನನ್ನು ಓದಬೇಕು. ಅಲ್ಲಿ ‘ನಾನು’ ಎನ್ನುವವಳು ಒಬ್ಬ ಗೃಹಿಣಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು (1891–1986) ಸೀರೆ ಉಟ್ಟು ಬಾಗಿಲಲ್ಲಿ ನಿಂತು ಮೊಸರು ಅಳೆಸಿಕೊಂಡರೆಂದು ಯಾರೂ ಹೇಳಲಾರರಷ್ಟೆ. ಅವರೇಕೆ ಹೆಂಗಸಿನ ಬಾಯಲ್ಲಿ ಈ ಕತೆಯನ್ನು ಹೇಳಿಸಿದರು? ನನಗೆ ತೋರುವ ಕಾರಣ ಸರಳವಾಗಿದೆ. ಸೊಸೆ ಮೊಮ್ಮಗನನ್ನು ಹೊಡೆದದ್ದು, ಅದರಿಂದ ಜಗಳವಾಗಿ ತಾನು ಬೇರೆಯಾದದ್ದು, ಒಂಟಿಯಾದ ಮೇಲೆ ರಂಗಪ್ಪನೆಂಬವನು ಸಲಿಗೆಯ ಮಾತಿಗೆ ಬಂದದ್ದು, ಇವನ್ನೆಲ್ಲ ಮಂಗಮ್ಮ ಗಂಡಸಿನ ಮುಂದೆ ಬಿಚ್ಚಿ ಹೇಳಿಯಾಳೇ? ಇನ್ನೊಂದು ಹೆಂಗಸಿನ ಮುಂದೆ, ವ್ಯಾಪಾರ ಮುಗಿದ ಮೇಲೆ, ತಲೆಯ ಹೊರೆ ಇಳಿಸಿಕೊಂಡಾಗ ಹೇಳುತ್ತಾಳೆ. ಅವಳ ಮನೆಯನ್ನು ನಾವು ನೋಡುವುದಿಲ್ಲ. ಅವಳು ಬಂದ ದಿನ ಕತೆ ಮುಂದುವರಿಯುತ್ತದೆ. ಬಾರದ ದಿನ ನಿಲ್ಲುತ್ತದೆ. ವರ್ತನೆಯ ಮೊಸರಿನಂತೆ ಕತೆಯೂ ದಿನಕ್ಕೆ ಇಷ್ಟೆಂದು ಬಾಗಿಲಿಗೆ ಬರುತ್ತದೆ. ಕೊನೆಗೆ ಸೊಸೆ ನಂಜಮ್ಮನೂ ಅದೇ ಬಾಗಿಲಿಗೆ ಬಂದು ನಿಂತಾಗ, ಇಷ್ಟು ದಿನವೂ ನಾವು ಕೇಳಿದ್ದು ಒಂದು ಕಡೆಯ ಮಾತು ಎಂಬುದು ಫಕ್ಕನೆ ಹೊಳೆಯುತ್ತದೆ.

ಈ ಕತೆಯನ್ನು ಒಂದು ಭಾನುವಾರ ನಮ್ಮ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದಳು; ಅಜ್ಜಿ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದಳು. ಓದು ಮುಗಿದಾಗ ಅಜ್ಜಿ ಮಂಗಮ್ಮನ ಕಡೆ, ಅಮ್ಮ ನಂಜಮ್ಮನ ಕಡೆ. ಮಾತು ಕತೆಯಿಂದ ಹೊರಟು, ನಾನು ಚಿಕ್ಕವನಾಗಿದ್ದಾಗ ನನಗೆ ಬಿದ್ದ ಯಾವುದೋ ಏಟಿನವರೆಗೂ ಹೋಯಿತು. ಆ ರಾತ್ರಿ ಸಾರಿಗೆ ಉಪ್ಪಿರಲಿಲ್ಲ. ‘ಅತ್ತೆ ಒಳ್ಳೆಯವಳೋ ಸೊಸೆ ಒಳ್ಳೆಯವಳೋ, ವಿವರಿಸಿ’ ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳುವವರು ಒಮ್ಮೆ ನಮ್ಮ ಮನೆಗೆ ಬರಬೇಕು. ಇಬ್ಬರಿಗೂ ನ್ಯಾಯವಿರುವಂತೆ ಬರೆದಿರುವುದೇ ಆ ಕತೆಯ ಬಿಗಿ ಎಂಬುದು ನನಗೆ ತರಗತಿಗಿಂತ ಹೆಚ್ಚಾಗಿ ಅಂದು ತಿಳಿಯಿತು.

ಚರಿತ್ರೆಯ ಮಾತನ್ನು ಬೇಗ ಮುಗಿಸುತ್ತೇನೆ. ಕನ್ನಡಕ್ಕೆ ಕತೆ ಹೊಸದಲ್ಲ. ಹಳಗನ್ನಡ ಗದ್ಯದ ‘ವಡ್ಡಾರಾಧನೆ’ಯಲ್ಲಿಯೇ 19 ಕತೆಗಳಿವೆ. ಆದರೆ ಅಲ್ಲಿ ಒಂದು ಜೀವ ಜನ್ಮದಿಂದ ಜನ್ಮಕ್ಕೆ ಸಾಗುತ್ತದೆ. ಸಣ್ಣ ಕತೆಗೆ ಅಷ್ಟು ಬಿಡುವಿಲ್ಲ. ಅಮೆರಿಕದ ಎಡ್ಗರ್ ಆಲನ್ ಪೋ 1842ರಲ್ಲಿ ಹಾಥಾರ್ನನ ಕತೆಗಳನ್ನು ವಿಮರ್ಶಿಸುತ್ತ, ಇಂಥ ಬರಹ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಒಂದೇ ಪಟ್ಟಿನಲ್ಲಿ ಓದಿ ಮುಗಿಯುವಂತಿರಬೇಕು, ಅದರ ಪ್ರತಿಯೊಂದು ಮಾತೂ ಒಂದೇ ಪರಿಣಾಮಕ್ಕೆ ದುಡಿಯಬೇಕು ಎಂಬ ಅಭಿಪ್ರಾಯ ಕೊಟ್ಟ. ನಮ್ಮಲ್ಲಿ ಪಂಜೆ ಮಂಗೇಶರಾಯರು, ಕೆರೂರು ವಾಸುದೇವಾಚಾರ್ಯರು ಮೊದಲಾದವರು ದಾರಿ ಮಾಡಿದರು. ಮಾಸ್ತಿಯವರ ‘ಕೆಲವು ಸಣ್ಣ ಕತೆಗಳು’ 1920ರಲ್ಲಿ ಪ್ರಕಟವಾಯಿತು. ‘ಸಣ್ಣ ಕತೆಯ ಜನಕ ಯಾರು’ ಎಂಬ ಒಂದು ಅಂಕದ ಪ್ರಶ್ನೆಯ ಮೇಲೆ ನನಗೆ ಅಷ್ಟೇನೂ ಪ್ರೀತಿಯಿಲ್ಲವಾದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ. ಇಪ್ಪತ್ತೇಳು ವರ್ಷ ಮಾತ್ರ ಬದುಕಿ 1939ರಲ್ಲಿ ತೀರಿಕೊಂಡ ಕೊಡಗಿನ ಗೌರಮ್ಮನವರ ಹೆಸರು ಆ ಒಂದು ಅಂಕದ ಪಟ್ಟಿಯಲ್ಲಿ ಬರುವುದೇ ಇಲ್ಲ. ಅವರ ‘ಕಂಬನಿ’ ನಮ್ಮ ಗ್ರಂಥಾಲಯದ ಮೂರನೆಯ ಕಪಾಟಿನಲ್ಲಿದೆ, ನೋಡಬೇಕಾದವರು ನೋಡಬಹುದು.

ಇನ್ನು ಬರೆಯುವ ವಿಷಯ. ಅಧ್ಯಾಪಕರು ಹೇಳಿಕೊಟ್ಟದ್ದೂ ನಾನು ಕೈ ಸುಟ್ಟುಕೊಂಡು ಕಲಿತದ್ದೂ ಇದರಲ್ಲಿ ಬೆರೆತಿವೆ. ಕತೆಯನ್ನು ಎರಡು ಸಲ ಓದಬೇಕು. ಮೊದಲ ಸಲ ‘ಮುಂದೇನಾಯಿತು’ ಎಂಬ ಚಪಲದಿಂದ ಓದುತ್ತೇವೆ, ಅದು ತಪ್ಪಲ್ಲ. ಎರಡನೆಯ ಸಲ ಕೊನೆ ಗೊತ್ತಿರುವುದರಿಂದ, ಮೊದಲು ಕಣ್ಣು ತಪ್ಪಿಸಿದ್ದ ಮಾತುಗಳು ತಾವಾಗಿಯೇ ಎದ್ದು ನಿಲ್ಲುತ್ತವೆ. ಪೆನ್ಸಿಲ್ ಹಿಡಿದುಕೊಳ್ಳಬೇಕಾದದ್ದು ಆಗ (ಗ್ರಂಥಾಲಯದ ಪುಸ್ತಕವಾದರೆ ಬೇರೆ ಕಾಗದದ ಮೇಲೆ!). ಆಮೇಲೆ ತನ್ನನ್ನು ನಿಜವಾಗಿ ಕಾಡಿದ ಒಂದು ಪ್ರಶ್ನೆಯನ್ನು ಹಿಡಿಯಬೇಕು. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಹಿಡಿದರೆ ಬರಹ ಸತ್ತಂತೆಯೇ. ‘ಬಸವಿ ಪದ್ಧತಿ ಕೆಟ್ಟದ್ದೇ?’ ಎಂಬುದಕ್ಕೆ ಕತೆಯನ್ನು ಓದಬೇಕಾಗಿಯೇ ಇಲ್ಲ. ‘ಅವನು ಹೇಳಿದ್ದು ನಿಜವಾಗಿದ್ದರೂ ಅವಳು ಸತ್ತದ್ದೇಕೆ?’ ಎಂಬುದಕ್ಕೆ ಓದಲೇಬೇಕು.

ಸಾರಾಂಶದ ರೋಗಕ್ಕೆ ನಾನು ಕಂಡುಕೊಂಡ ಮದ್ದು ಒಂದಿದೆ. ನಿಮ್ಮ ಉತ್ತರವನ್ನು ಓದುವವರು ಕತೆಯನ್ನು ಓದಿದ್ದಾರೆ, ಆದರೆ ನಿಮ್ಮ ಮಾತನ್ನು ಒಪ್ಪುವವರಲ್ಲ ಎಂದು ಭಾವಿಸಿ ಬರೆಯಿರಿ. ಓದಿದವರಿಗೆ ಕತೆಯನ್ನು ಮತ್ತೆ ಹೇಳುವ ಅಗತ್ಯವಿಲ್ಲ. ಒಪ್ಪದವರಿಗೆ ಮಾತ್ರ ಕತೆಯೊಳಗಿನ ಸಾಕ್ಷಿಯನ್ನು ತೋರಿಸಲೇಬೇಕಾಗುತ್ತದೆ. ‘ಶೈಲಿ ಸರಳ ಹಾಗೂ ಸುಂದರವಾಗಿದೆ’ ಎಂಬ ವಾಕ್ಯವನ್ನು ನಾನು ಕೈಬಿಟ್ಟು ಒಂದು ವರ್ಷವಾಯಿತು. ಇಡೀ ಕನ್ನಡ ಸಾಹಿತ್ಯದಲ್ಲಿ ಅದು ಹೊಂದದ ಕತೆಯಿಲ್ಲ. ಆದ್ದರಿಂದಲೇ ಅದು ಯಾವ ಕತೆಯ ಮಾತೂ ಅಲ್ಲ. ಅದರ ಬದಲು ಒಂದೇ ಒಂದು ವಿವರವನ್ನು ಹಿಡಿದು ಅರ್ಧ ಪುಟ ಬರೆದರೆ ಲೇಸು. ಮಾಸ್ತಿಯವರ ರಂಗಪ್ಪನ ಮದುವೆಯ ಕತೆಯಲ್ಲಿ ಹೇಳುವವನ ಹೆಸರು ಶ್ಯಾಮ. ಮದುವೆಯಾಗಿ ವರ್ಷಗಳಾದ ಮೇಲೆ ರಂಗಪ್ಪನ ಮಗುವಿಗೂ ಅದೇ ಹೆಸರು. ಶಾಸ್ತ್ರಿಯ ಜೊತೆ ಸೇರಿಕೊಂಡು ಹೂಡಿದ ಉಪಾಯವನ್ನು ಅಷ್ಟು ಸಂತೋಷದಿಂದ ಹೇಳಿಕೊಳ್ಳುವವನನ್ನು ಓದುಗರು ಎಷ್ಟು ನಂಬಬೇಕು? ಆ ಒಂದು ಹೆಸರಿನಿಂದಲೇ ಒಂದು ಪ್ರಬಂಧ ಹೊರಡುತ್ತದೆ.

ಇಷ್ಟೆಲ್ಲ ಕಲಿತದ್ದರಿಂದ ಪರೀಕ್ಷೆಯಲ್ಲಿ ಲಾಭವಾಯಿತೇ ಎಂದು ಕಿರಿಯ ಮಿತ್ರರು ಕೇಳುತ್ತಾರೆ. ಸುಳ್ಳು ಹೇಳಲಾರೆ. ‘ಮೊಸರಿನ ಮಂಗಮ್ಮ’ನ ಪ್ರಶ್ನೆಗೆ ನಾನು ಆ ಬಾಗಿಲಿನ ವಿಚಾರವನ್ನೇ ಬರೆದೆ. ಲೇಖಕರ ಪರಿಚಯ, ಸಾರಾಂಶ, ಶೈಲಿ ಎಂದು ಮೂರು ತಲೆಬರಹ ಹಾಕಿ ಬರೆದ ನನ್ನ ಮಿತ್ರನಿಗೆ ಆ ಪತ್ರಿಕೆಯಲ್ಲಿ ನನಗಿಂತ 9 ಅಂಕ ಹೆಚ್ಚು ಬಂತು. ಅಂಕಪಟ್ಟಿ ಕಂಡು ಅಪ್ಪ ಏನೂ ಅನ್ನಲಿಲ್ಲ; ಆದರೆ ಅದನ್ನು ಮಡಿಸಿ ಕೊಟ್ಟ ರೀತಿ ನನಗೆ ಮರೆಯುವುದಿಲ್ಲ. ಅಧ್ಯಾಪಕರ ಬಳಿ ದೂರು ಹೇಳಿಕೊಂಡಾಗ ಅವರು, “20 ನಿಮಿಷದಲ್ಲಿ ಎರಡನ್ನೂ ಬರೆಯೋದು ಕಲಿ. ಪರಿಚಯ ನಾಲ್ಕು ಸಾಲು ಹಾಕು, ಅವರಿಗೂ ಸಮಾಧಾನವಾಗಲಿ. ಆಮೇಲೆ ನಿನ್ನ ಮಾತು ಬರಿ” ಎಂದರು. ಈಗ ಹಾಗೆಯೇ ಮಾಡುತ್ತಿದ್ದೇನೆ. ಫಲಿತಾಂಶ ಇನ್ನೂ ಬರಬೇಕು.

ಹಿಂದಿನ ಬೆಂಚಿನ ಆ ಹುಡುಗಿ ಅಂದು ಹೇಳಿದ್ದನ್ನು ಬರೆದು ತಂದಳು. ಒಂದೂವರೆ ಪುಟ. ಕೈಬರಹ ಅಷ್ಟೇನೂ ಚೆನ್ನಾಗಿರಲಿಲ್ಲ, ಕಾಗುಣಿತದ ತಪ್ಪುಗಳಿದ್ದವು. ಅಧ್ಯಾಪಕರು ಅದನ್ನು ತರಗತಿಯಲ್ಲಿ ಓದಿದರು. ಈ ಸಂಚಿಕೆಗೆ ಅದನ್ನೇ ಕೊಡೆಂದು ನಾನು ಕೇಳಿದಾಗ ಅವಳು, “ಬೇಡ, ನೀನೇ ಏನಾದರೂ ಬರಿ” ಎಂದುಬಿಟ್ಟಳು. ಅವಳ ಮಾತನ್ನು ಮೇಲೆ ಎತ್ತಿ ಹೇಳಿರುವುದಕ್ಕೆ ಅವಳ ಅನುಮತಿಯಿದೆ.

ಈಗ ನಾವು ಏಳೆಂಟು ಜನ ಶನಿವಾರ ಮಧ್ಯಾಹ್ನ ಗ್ರಂಥಾಲಯದ ಜಗಲಿಯಲ್ಲಿ ಕುಳಿತು ವಾರಕ್ಕೊಂದು ಕತೆಯನ್ನು ಓದಿ ಮಾತನಾಡುತ್ತೇವೆ. ಯಾರು ಬೇಕಾದರೂ ಬರಬಹುದು, ವಿಜ್ಞಾನದವರೂ ಬರಬಹುದು. ಮುಂದಿನ ಕತೆ ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’. ಇತರರ ಕಾಗದಗಳ ಮೇಲೆ ಕುತೂಹಲ ಬೆಳೆಸಿಕೊಳ್ಳುವ ಬೋಬಣ್ಣನ ಬಗ್ಗೆ ಈಗಾಗಲೇ ಜಗಳ ಆರಂಭವಾಗಿದೆ. ಗ್ರಂಥಾಲಯದಲ್ಲಿ ಆ ಪುಸ್ತಕದ ಪ್ರತಿ ಇರುವುದು ಒಂದೇ. ನಾಲ್ಕು ವಾರದಿಂದ ಅದನ್ನು ಇಟ್ಟುಕೊಂಡಿರುವ ಮಹಾಶಯರು ಯಾರೇ ಆಗಿರಲಿ, ದಯವಿಟ್ಟು ಶುಕ್ರವಾರದೊಳಗೆ ಹಿಂದಿರುಗಿಸಬೇಕು.