ಹಿನ್ನೆಲೆ ಸರ್ವಿಸ್‌ಗಳು ಮತ್ತು ಗಡಿನಾಡಿನ ಕನ್ನಡ ಟೈಪಿಂಗ್

ಸೊಲ್ಲಾಪುರ, ಅಕ್ಕಲಕೋಟ ಕಡೆಯ ಕನ್ನಡ ಶಾಲೆಗಳ ಡೆಸ್ಕ್‌ಟಾಪ್‌ನಲ್ಲಿ ಮರಾಠಿ, ಕನ್ನಡ, ಇಂಗ್ಲಿಷ್ ಮೂರೂ ನಡೀಬೇಕು. ಹಾಗಾಗಿ ‘ಕಂಪ್ಯೂಟರ್ ಸ್ಲೋ ಆಗ್ಯಾದ, ಸರ್ವಿಸ್ ಎಲ್ಲಾ ಬಂದ್ ಮಾಡ್ರಿ’ ಅನ್ನುವ ಸಲಹೆ ಕೇಳಿದರೆ ನನಗೆ ಹೆದರಿಕೆ.

ಮೊದಲು ಒಂದು ವ್ಯತ್ಯಾಸ. ವಿಂಡೋಸ್ ಸರ್ವಿಸ್ ನಾವು ಲಾಗಿನ್ ಆಗುವ ಮೊದಲೇ ಶುರುವಾಗಬಲ್ಲದು. ನುಡಿ, ಬರಹದಂಥವು ಲಾಗಿನ್ ಆದಮೇಲೆ ನಡೆಯುವ ಸಾಮಾನ್ಯ ಪ್ರೋಗ್ರಾಮ್‌ಗಳು. ಅವನ್ನು ಸರ್ವಿಸಸ್ ಕಿಟಕಿಯಲ್ಲಿ ಹುಡುಕಬ್ಯಾಡ್ರಿ, ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿ ನೋಡ್ರಿ.

ವಿಂಡೋಸ್‌ನದೇ ಕನ್ನಡ ಕೀಬೋರ್ಡ್ ಬಳಸುವವರ ಕಥೆ ಬೇರೆ. ವಿಂಡೋಸ್ 10ರಲ್ಲಿ ‘ಟಚ್ ಕೀಬೋರ್ಡ್ ಆ್ಯಂಡ್ ಹ್ಯಾಂಡ್‌ರೈಟಿಂಗ್ ಪ್ಯಾನೆಲ್’ ಎಂಬ ಸರ್ವಿಸ್ ಅದ. ‘ನಮ್ಮದು ಟಚ್ ಸ್ಕ್ರೀನ್ ಅಲ್ಲ, ಯಾಕ ಬೇಕ್ರಿ?’ ಎಂದು ಡಿಸೇಬಲ್ ಮಾಡಿದರೆ ಸ್ಟಾರ್ಟ್ ಮೆನುವಿನ ಹುಡುಕಾಟದಲ್ಲಿ ಅಕ್ಷರವೇ ಮೂಡದೆ ಹೋಗಬಹುದು, ಭಾಷೆ ಬದಲಿಸುವ ಪಟ್ಟಿಯೂ ಕೈಕೊಡಬಹುದು. ಹೆಸರಿಟ್ಟವರನ್ನೇ ಬೈಯಬೇಕು!

ಪ್ರಿಂಟ್ ಸ್ಪೂಲರ್‌ದು ಉಲ್ಟಾ. 2021ರಲ್ಲಿ ‘ಪ್ರಿಂಟ್‌ನೈಟ್‌ಮೇರ್’ ದೋಷ ಬಯಲಾದಾಗ, ಅದನ್ನು ನಿಲ್ಲಿಸುವುದು ಒಂದು ತಾತ್ಕಾಲಿಕ ದಾರಿ ಎಂದು ಮೈಕ್ರೋಸಾಫ್ಟೇ ಹೇಳಿತ್ತು. ಆದರೆ ಸ್ಪೂಲರ್ ನಿಂತರೆ ಪ್ರಶ್ನೆಪತ್ರಿಕೆಯ ಪ್ರಿಂಟೂ ನಿಂತಂತೆ.

ಹಳೆ ಹಾರ್ಡ್ ಡಿಸ್ಕಿನ ಯಂತ್ರದಲ್ಲಿ ಸಿಸ್‌ಮೈನ್ (ಮೊದಲಿನ ಸೂಪರ್‌ಫೆಚ್) ಡಿಸ್ಕಿಗೆ ಪುರುಸೊತ್ತು ಕೊಡದಿದ್ದರೆ ಒಂದು ವಾರ ನಿಲ್ಲಿಸಿ ನೋಡಬಹುದು. ಯಾವುದನ್ನೇ ನಿಲ್ಲಿಸುವ ಮುನ್ನ ಡಿಪೆಂಡೆನ್ಸೀಸ್ ಪುಟ ಓದ್ರಿ, ಈಗಿನ ಸ್ಟಾರ್ಟಪ್ ಟೈಪ್ ಬರೆದಿಟ್ಕೊಳ್ರಿ, ಒಂದು ಸಲಕ್ಕೆ ಒಂದೇ ಬದಲಿಸ್ರಿ. ಡಿಸೇಬಲ್‌ಗಿಂತ ‘ಮ್ಯಾನ್ಯುಯಲ್’ ವಾಸಿ: ಬೇಕಾದಾಗ ಬೇರೆ ಪ್ರೋಗ್ರಾಮ್ ಅದನ್ನು ಎಬ್ಬಿಸಬಲ್ಲದು, ಡಿಸೇಬಲ್ ಆದದ್ದನ್ನು ಎಬ್ಬಿಸಲಾರದು.